ಮೈಕ್ ಹಿಡಿಯುವ ಮುನ್ನ

ನಿನಗೆ ಹ್ಯಾಮ್ ರೇಡಿಯೋ ಲೈಸೆನ್ಸ್ ಬಂದಿದ್ದು ಕೇಳಿ ತುಂಬಾ ಸಂತೋಷವಾಯಿತು, ಮಗು. ಸೆಟ್ಟು, ಆಂಟೆನಾಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳುವುದು ಮೈಕಿನಲ್ಲಿ ಆಡುವ ಮಾತಿನ ಬಗ್ಗೆ. ರೇಡಿಯೋದಲ್ಲಿ ಒಂದೊಂದು ಮಾತಿಗೂ ಗೊತ್ತಾದ ಅರ್ಥವಿದೆ. ಅದನ್ನು ತಿಳಿದುಕೊಂಡೇ ಬಾಯಿ ತೆರೆ.

ಫೋನಿನಲ್ಲಿ ಇಬ್ಬರೂ ಒಟ್ಟೊಟ್ಟಿಗೆ ಮಾತಾಡಬಹುದು. ಇಲ್ಲಿ ಹಾಗಲ್ಲ, ಗುಂಡಿ ಒತ್ತಿದಷ್ಟು ಹೊತ್ತು ಆಚೆಯವರ ದನಿ ನಿನಗೆ ಕೇಳಿಸದು. ಅದಕ್ಕೇ 'ಓವರ್' ಬೇಕಾಯಿತು: ನನ್ನ ಸರದಿ ಮುಗಿಯಿತು, ಈಗ ನೀವು ಹೇಳಿ ಎಂದು. 'ಔಟ್' ಅಂದರೆ ಸಂಭಾಷಣೆಯೇ ಮುಗಿಯಿತು, ಉತ್ತರ ಬೇಡ ಎಂದು. ಸಿನಿಮಾದಲ್ಲಿ ಕೇಳಿದ 'ಓವರ್ ಆ್ಯಂಡ್ ಔಟ್' ಅಭ್ಯಾಸ ಮಾಡಿಕೊಳ್ಳಬೇಡ. ಉತ್ತರ ಕೊಡಿ, ಕೊಡಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದಂತಾಗುತ್ತದೆ.

ಮೋರ್ಸ್ ಕಾಲದಲ್ಲಿ ಸಂದೇಶ ತಲುಪಿತು ಎನ್ನಲು 'ಆರ್' ಅಕ್ಷರವೊಂದನ್ನೇ ಕುಟ್ಟುತ್ತಿದ್ದರು. ರಿಸೀವ್ಡ್ ಎಂಬುದರ ಮೊದಲ ಅಕ್ಷರ ಅದು. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದ ರೇಡಿಯೋದಲ್ಲಿ ಆ ಅಕ್ಷರವನ್ನು 'ರಾಜರ್' ಎಂದು ಕರೆಯುತ್ತಿದ್ದರು. 1956ರಲ್ಲಿ ಆರ್‌ನ ಹೆಸರು 'ರೋಮಿಯೋ' ಆದರೂ ರಾಜರ್ ಬಳಕೆಯಲ್ಲೇ ಉಳಿಯಿತು. ಅದರರ್ಥ 'ನೀವು ಹೇಳಿದ್ದೆಲ್ಲ ಕೇಳಿಸಿತು' ಎಂದಷ್ಟೇ. ಒಪ್ಪಿದೆ, ಮಾಡುತ್ತೇನೆ ಎಂದಲ್ಲ. ಮಾಡುತ್ತೇನೆ ಎನ್ನಲು 'ವಿಲ್ಕೋ' ಇದೆ. 'ವಿಲ್ ಕಂಪ್ಲೈ' ಎಂಬುದನ್ನೇ ಮೊಟಕುಗೊಳಿಸಿದ್ದು. ಕೇಳಿಸಿದ್ದರೆ ತಾನೇ ಮಾಡುವುದು? ಹಾಗಾಗಿ ವಿಲ್ಕೋ ಅಂದ ಮೇಲೆ ರಾಜರ್ ಬೇಕಿಲ್ಲ.

ರಾಜರ್‌ನಂತೆಯೇ ಸಂದೇಶ ತಲುಪಿತು ಎನ್ನುವ 'ಟೆನ್-ಫೋರ್' ಅಮೆರಿಕದ ಪೊಲೀಸರದ್ದು. 1937ರ ಸುಮಾರಿಗೆ ಇಲಿನಾಯ್ ರಾಜ್ಯ ಪೊಲೀಸ್ ಇಲಾಖೆಯ ಚಾರ್ಲ್ಸ್ ಹಾಪರ್ 'ಟೆನ್' ಎಂದು ಶುರುವಾಗುವ ಇಂಥ ಅಂಕಿ ಸಂಕೇತಗಳನ್ನು ರೂಪಿಸಿದರು. ಆಗಿನ ಸೆಟ್ಟುಗಳು ಗುಂಡಿ ಒತ್ತಿದ ಮೇಲೆ ಚಾಲೂ ಆಗಲು ಒಂದು ಕ್ಷಣ ಹಿಡಿಯುತ್ತಿತ್ತು, ಮೊದಲ ಪದ ನುಂಗಿಹೋಗುತ್ತಿತ್ತು. ಮುಂದೆ 'ಟೆನ್' ಸೇರಿಸಿದ್ದರಿಂದ ಮುಖ್ಯವಾದ ಅಂಕಿ ಉಳಿಯಿತು. ನೀನೂ ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡು. ಆದರೆ ಟೆನ್-ಫೋರ್ ನಮ್ಮ ಹ್ಯಾಮ್‌ಗಳ ಮಾತಲ್ಲ, ಅದನ್ನು ಬಿಟ್ಟುಬಿಡು.

'ಮೇಡೇ'ಗೂ ಮೇ ತಿಂಗಳಿಗೂ ಸಂಬಂಧವಿಲ್ಲ. 1923ರಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದರು. ಅಲ್ಲಿಂದ ಪ್ಯಾರಿಸ್ಸಿಗೆ ಹೆಚ್ಚು ವಿಮಾನಗಳು ಹೋಗುತ್ತಿದ್ದುದರಿಂದ, 'ನನಗೆ ನೆರವಾಗಿ' ಎಂಬರ್ಥದ ಫ್ರೆಂಚ್ ಮಾತಿನ ಉಚ್ಚಾರಣೆಯನ್ನೇ ಆಯ್ದುಕೊಂಡರು. 1927ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಪ್ರಾಣಾಪಾಯವಿದ್ದಾಗ ಮೂರು ಸಲ ಕೂಗಬೇಕಾದ ಮಾತು ಇದು. ತಮಾಷೆಗೂ ಆಡಬೇಡ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎನ್ನುತ್ತೀಯಾ? 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳಿದ್ದವು. ಕೆಎಲ್‌ಎಂ ವಿಮಾನದಿಂದ 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಎಂಬರ್ಥದ ಅಸ್ಪಷ್ಟ ಮಾತು ಬಂತು. ಕಂಟ್ರೋಲರ್ 'ಓಕೆ' ಎಂದು, ಕಾಯುವಂತೆ ಹೇಳಿದರು. ಅದೇ ಕ್ಷಣಕ್ಕೆ ಪ್ಯಾನ್ ಆ್ಯಮ್ ವಿಮಾನದವರು 'ನಾವಿನ್ನೂ ರನ್‌ವೇಯಲ್ಲೇ ಇದ್ದೇವೆ' ಎಂದರು. ಎರಡು ದನಿಗಳೂ ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಪೈಲಟ್‌ಗಳಿಗೆ ಕೀರಲು ಸದ್ದು ಕೇಳಿಸಿತು. ಸ್ಪಷ್ಟವಾಗಿ ಕಿವಿಗೆ ಬಿದ್ದದ್ದು 'ಓಕೆ' ಒಂದೇ. ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಹಲವಿದ್ದವು, ಆದರೆ ಸಡಿಲ ಮಾತೂ ಅವುಗಳಲ್ಲೊಂದು. ಆಮೇಲೆ, ಹಾರಲು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ 'ಟೇಕಾಫ್' ಪದ ಬಳಸಬೇಕೆಂಬ ಕ್ರಮ ಬಂತು.

ನೆರೆ, ಬಿರುಗಾಳಿ ಬಂದು ಮೊಬೈಲ್ ಟವರ್‌ಗಳು ನಿಂತಾಗ ಜನರು ನಿನ್ನ ಸೆಟ್ಟನ್ನೇ ನಂಬಬೇಕಾದೀತು. ಆ ದಿನಕ್ಕೆ ಈಗಿನಿಂದಲೇ ಸಿದ್ಧನಾಗು. ಮೊದಲು ಆಲಿಸು, ಆಮೇಲೆ ಗುಂಡಿ ಒತ್ತು. ಹೇಳುವುದನ್ನು ಚುಟುಕಾಗಿ ಹೇಳು. ಅರ್ಥವಾಗದಿದ್ದರೆ 'ಸೇ ಅಗೇನ್' ಎಂದು ಎಷ್ಟು ಸಲವಾದರೂ ಕೇಳು, ಅದರಲ್ಲಿ ನಾಚಿಕೆಯಿಲ್ಲ. ಪೂರ್ತಿ ಕೇಳಿಸದೆ ಮಾತ್ರ ಎಂದೂ ರಾಜರ್ ಎನ್ನಬೇಡ.