ತೇಪೆ, ಪರಿಷ್ಕರಣೆ ಮತ್ತು ಮನೆಯ ಗಣಕ

ಓಲೆಗರಿಯನ್ನು ಪ್ರತಿ ಮಾಡುವಾಗ ಲಿಪಿಕಾರನ ಕೈತಪ್ಪು ಮುಂದಿನ ಪ್ರತಿಗಳಿಗೂ ಇಳಿದುಬರುತ್ತದೆ. ಸಂಪಾದಕನು ಅದನ್ನು ಗುರುತಿಸಿ ಪರಿಷ್ಕರಿಸುತ್ತಾನೆ. ಗ್ರಂಥಸಂಪಾದನೆಯನ್ನು ಓದುವ ವಿದ್ಯಾರ್ಥಿಗೆ ತಂತ್ರಾಂಶದ ಪರಿಷ್ಕರಣೆ ತೀರ ಅಪರಿಚಿತವಾದುದಲ್ಲ. ಭೇದವೆಂದರೆ, ಓಲೆಯ ಸ್ಖಾಲಿತ್ಯದಿಂದ ಅರ್ಥ ಕೆಡುತ್ತದೆ. ತಂತ್ರಾಂಶದ ಸ್ಖಾಲಿತ್ಯದಿಂದ ಕಳ್ಳನಿಗೆ ಕಿಂಡಿ ದೊರೆಯುತ್ತದೆ.

'ಅಪ್‌ಡೇಟ್' ಎಂಬುದಕ್ಕೆ ಕನ್ನಡದಲ್ಲಿ 'ನವೀಕರಣ' ರೂಢಿಗೆ ಬಂದಿದೆ. ಮರಾಠಿಯಲ್ಲಿ 'ಅದ್ಯಯಾವತ್' ಎಂಬ ಪದವುಂಟು; ಇಂದಿನವರೆಗಿನದು ಎಂದರ್ಥ. ಇಲ್ಲಿ ಮರಾಠಿಯೇ ಹೆಚ್ಚು ನಿಖರವೆನ್ನಬೇಕು. ಏಕೆಂದರೆ ನಡೆಯುವ ಕೆಲಸ ಹೊಸತನ್ನು ತರುವುದಕ್ಕಿಂತ ಹಳೆಯದಕ್ಕೆ ಇಂದಿನವರೆಗೆ ಕಂಡ ಹರಕುಗಳಿಗೆ ತೇಪೆ ಹಾಕುವುದೇ ಆಗಿದೆ.

ತೇಪೆ ಪ್ರಕಟವಾದ ದಿನವೇ ಹರಕು ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿಯುತ್ತದೆ. ಆದುದರಿಂದ ವಿಳಂಬವೇ ಅಪಾಯ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ನೀಡಿತು. ಮೇ 12ರಂದು, ಅಂದರೆ 59 ದಿನಗಳ ಬಳಿಕ, 'ವಾನಾಕ್ರೈ' ಅದೇ ದೋಷದ ಮೂಲಕ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ತತ್ತರಿಸಿದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಗಣಕಗಳೂ ಸಿಲುಕಿದವು. ತೇಪೆ ಹಾಕಿಸಿಕೊಂಡಿದ್ದ ಗಣಕಗಳಿಗೆ ಆ ದಾರಿ ಮುಚ್ಚಿತ್ತು.

ಕನ್ನಡಿಗರಿಗೆ ಇನ್ನೊಂದು ಅಂಜಿಕೆಯುಂಟು: ನವೀಕರಣವಾದರೆ ಹಳೆಯ 'ನುಡಿ' ಅಕ್ಷರಗಳು ಹೋದಾವು! ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳು ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಆ ಫಾಂಟ್ ಇಲ್ಲದಿದ್ದರೆ ಪ್ರಬಂಧ ರೋಮನ್ ಲಿಪಿಯ ಗೊಂದಲವಾಗಿ ಕಾಣುತ್ತದೆ. ಆದರೆ ಕಡತ ಅಳಿದಿರುವುದಿಲ್ಲ. ಫಾಂಟನ್ನು ಮರಳಿ ಹಾಕಿದರೆ ಓದಲು ಬರುತ್ತದೆ. ವಾನಾಕ್ರೈ ಬೀಗ ಹಾಕಿದ ಕಡತವನ್ನು ಯಾವ ಫಾಂಟೂ ತೆರೆಯಲಾರದು. ಹಾಗೆ ನೋಡಿದರೆ 2010ರಲ್ಲಿ ಅಂಗೀಕೃತವಾದ ರೂಪಾಯಿ ಚಿಹ್ನೆ ವಿಂಡೋಸ್ 7ಕ್ಕೆ ಬಂದುದೂ ನವೀಕರಣದ ಮೂಲಕವೇ.

ಗದ್ವಾಲ ಸೀಮೆಯ ಮಾನೋಪಾಡಿನಂತಹ ಊರಿನಲ್ಲಿ ಮೊಬೈಲಿನ ಹಾಟ್‌ಸ್ಪಾಟೇ ಮನೆಯ ಗಣಕಕ್ಕೆ ಅಂತರ್ಜಾಲವಾಗಿದ್ದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದ್ದರೆ ಡೇಟಾ ಉಳಿಸಲೆಂದು ವಿಂಡೋಸ್ ಬಹುತೇಕ ನವೀಕರಣಗಳನ್ನು ತಡೆಹಿಡಿಯುತ್ತದೆ; ಮನೆಯವರು ಎಲ್ಲವೂ ತಾನಾಗಿ ನಡೆದಿದೆಯೆಂದೇ ಭಾವಿಸಿರುತ್ತಾರೆ. ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ತೇಪೆಗಳನ್ನು ಬಿಡುಗಡೆ ಮಾಡುತ್ತದೆ. ಭಾರತದಲ್ಲಿ ಆಗ ರಾತ್ರಿ. ಮರುದಿನ ಸೆಟ್ಟಿಂಗ್ಸ್‌ನಲ್ಲಿ 'ವಿಂಡೋಸ್ ಅಪ್‌ಡೇಟ್' ತೆರೆದು ನೋಡಿ, ಗಣಕವನ್ನು ಒಮ್ಮೆ ಮರುಪ್ರಾರಂಭಿಸುವುದು ಅವಶ್ಯ. ಮರುಪ್ರಾರಂಭವಾಗುವವರೆಗೆ ಎಷ್ಟೋ ತೇಪೆಗಳು ಹೊಲಿಯದೆ ಹಾಗೆಯೇ ಕಾದಿರುತ್ತವೆ.