ಸ್ಯಾಟಲೈಟಿನ ಸೀತನಿ

ಸಂಕ್ರಾಂತಿ ಹತ್ತಿರ ಬಂತೆಂದರೆ ಅವ್ವನ ಫೋನು. "ಸೀತನಿ ಸುರು ಆಗ್ಯಾವ ನೋಡವಾ. ನೀ ಅಲ್ಲಿ ಕುಂತು ಏನ್ ತಿಂತಿ?" ಮದುವೆಯಾಗಿ ಅಹಮದಾಬಾದಿಗೆ ಬಂದ ಮೊದಲೆರಡು ವರ್ಷ ಈ ಮಾತಿಗೇ ಗಂಟಲು ಕಟ್ಟುತ್ತಿತ್ತು. ನಾನು ವಿಜಯಪುರದ ಕಡೆಯವಳು. ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈ ಸುಡುವಾಗಲೇ ತಿಕ್ಕಿ, ಬೆಲ್ಲ, ಶೇಂಗಾ ಹಿಂಡಿಯ ಜೊತೆ ಮುಕ್ಕಿದರೇನೇ ನಮಗೆ ಚಳಿಗಾಲ ಮುಗಿದ ಲೆಕ್ಕ.

ನಾನಿರುವ ಬಡಾವಣೆಗೆ ಸ್ಯಾಟಲೈಟ್ ಎಂಬ ಹೆಸರು ಬಂದದ್ದು ಇಸ್ರೊದಿಂದ. 1975-76ರಲ್ಲಿ ಅಹಮದಾಬಾದಿನ ಭೂಕೇಂದ್ರದಿಂದ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿದರಲ್ಲ, ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯೂ ಇತ್ತು. ಇಲ್ಲಿಂದ ಅಲ್ಲಿಗೆ ಚಿತ್ರ ತಲುಪಿತ್ತು. ಅಲ್ಲಿಯ ಸೀತನಿ ಮಾತ್ರ ಇಲ್ಲಿಗೆ ಬರುವುದಿಲ್ಲ ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಮೂರನೆಯ ವರ್ಷ ಜೋಧಪುರ ಗ್ರಾಮದ ಹತ್ತಿರ ಒಂದು ಕೈಗಾಡಿ ಕಣ್ಣು ತೆರೆಸಿತು. ಗಾಡಿಯ ತುಂಬ ಹಸಿರು ಕಾಳು. ಅವರೆಯ ಜಾತಿಯದು ಏನೋ ಇರಬೇಕೆಂದು ದಿನಾ ದಾಟಿಹೋಗುತ್ತಿದ್ದೆ. ಅಂದು ಗಾಡಿಯಾತ ನಾಲ್ಕು ಕಾಳು ಕೈಗೆ ಹಾಕಿದ. ಬಾಯಿಗೆ ಬಿದ್ದದ್ದೇ ತಡ, ಅದೇ ಹೊಗೆ, ಅದೇ ಹಾಲುಸಿಹಿ! ಸೂರತ್ ಕಡೆಯಿಂದ ಬರುವ ಇದಕ್ಕೆ ಇಲ್ಲಿ ಪೋಂಕ್ ಅನ್ನುತ್ತಾರೆ. ಅಲ್ಲಿಯೂ ತೆನೆ ಸುಟ್ಟು, ಬಟ್ಟೆಯಲ್ಲಿ ಕಟ್ಟಿ, ಕೋಲಿನಿಂದ ಬಡಿದು ಕಾಳು ಬಿಡಿಸುತ್ತಾರಂತೆ. ತಿನ್ನುವುದು ಮಾತ್ರ ಲಿಂಬೆ-ಮೆಣಸಿನ ಸೇವಿನ ಜೊತೆ. ನನ್ನನ್ನು ಕೇಳಿದರೆ ಹಿಂಡಿಯೇ ಮೇಲು.

ಆಸೆಗೆ ಒಂದು ಕಿಲೋ ಕಟ್ಟಿಸಿಕೊಂಡೆ. "ಬೆನ್, ಆಜೇ ಜ ಖಾಈ ಲೇಜೋ," ಇವತ್ತೇ ತಿಂದುಬಿಡಿ ಅಂದ. ನಾನು ಜಾಣೆ! ಭಾನುವಾರ ಬರುವ ನೆಂಟರಿಗೆಂದು ಫ್ರಿಜ್ಜಿನಲ್ಲಿಟ್ಟೆ. ಭಾನುವಾರ ತೆಗೆದರೆ ಕಾಳು ಬಿರುಸಾಗಿ, ಸಿಹಿ ಆರಿಹೋಗಿತ್ತು. ಮೊಮ್ಮಗಳಿಗೆಂದು ಸೀತನಿಯನ್ನು ಎತ್ತಿಡುವವರು ಯಾರೂ ಇಲ್ಲ, ಮೊಮ್ಮಗಳನ್ನೇ ಹೊಲಕ್ಕೆ ಕರೆದೊಯ್ಯುತ್ತಾರೆ. ಇಷ್ಟು ಗೊತ್ತಿದ್ದೂ ಕೆಟ್ಟೆ. ಈಗ ಕಾಲು ಕಿಲೋಗಿಂತ ಹೆಚ್ಚು ತರುವುದಿಲ್ಲ, ಮನೆ ಮುಟ್ಟುವಷ್ಟರಲ್ಲಿ ಅರ್ಧ ಖಾಲಿ.

ಆಮೇಲೆ ಒಂದೊಂದೇ ಗುರುತು ಸಿಗತೊಡಗಿದವು. ಗಿಡಸಮೇತ ಮಾರುವ ಹಸಿ ಕಡಲೆ, ನಮ್ಮ ಸುಲಗಾಯಿ, ಇಲ್ಲಿ ಜಿಂಜರಾ. ಹಸಿ ಬೆಳ್ಳುಳ್ಳಿ ಸೊಪ್ಪು, ಹಸಿ ಅರಿಸಿನ. ಉತ್ತರಾಯಣಕ್ಕೆ ಹಲವು ತರಕಾರಿಯ ಉಂಧಿಯು. ಮೊದಲ ವರ್ಷ ಜನವರಿ 14, 15ರ ಗಾಳಿಪಟದ ಗದ್ದಲಕ್ಕೆ ಬಾಗಿಲು ಹಾಕಿಕೊಂಡು ಕೂತವಳನ್ನು ಮರುವರ್ಷ ಪಕ್ಕದ ಮನೆಯ ಕಾಕಿ ಮಾಳಿಗೆಗೆ ಎಳೆದೊಯ್ದರು. (ಇಲ್ಲಿಯೂ ಕಾಕಿ ಕಾಕಿಯೇ.) ಅವರು ಚಿಕ್ಕಿ ಕೊಟ್ಟರು, ನಾನು ಕುಸುರೆಳ್ಳು ಕೊಟ್ಟೆ. ಗಾಜು ಹಚ್ಚಿದ ದಾರಕ್ಕೆ ಹಕ್ಕಿಗಳ ರೆಕ್ಕೆ ಕತ್ತರಿಸುವುದನ್ನು ನೋಡಿದ ಮೇಲೆ ದಾರ ಮುಟ್ಟುವುದಿಲ್ಲ, ಮಾಳಿಗೆ ಬಿಟ್ಟಿಲ್ಲ.

ಫೆಬ್ರವರಿ ಕಳೆಯುತ್ತಿದ್ದಂತೆ ಮುತ್ತುಗ ಹೂಬಿಡುತ್ತದೆ, ಇವರ ಕೇಸುಡೊ. ಹೂವು ಒಣಗಿಸಿ, ನೀರಲ್ಲಿ ನೆನೆಸಿದರೆ ಹೋಳಿ ಹಬ್ಬಕ್ಕೆ ಕೇಸರಿ ಬಣ್ಣ. ಬೇಸಿಗೆಯಲ್ಲಿ ಮಕ್ಕಳಿಗೆ ಅದೇ ನೀರಿನ ಸ್ನಾನ. ಹೋಳಿಗೆ ಇನ್ನೊಂದು ಬೆರಗು ಕಾದಿತ್ತು: ಧಾಣಿ. ಅಂದರೆ ನಮ್ಮ ಜೋಳದ ಅಳ್ಳು! ನಾವು ನಾಗರಪಂಚಮಿಗೆ ಹುರಿಯುವುದನ್ನು ಇವರು ಖರ್ಜೂರದ ಜೊತೆ ಹೋಳಿಗೆ ತಿನ್ನುತ್ತಾರೆ. ಅವ್ವನಿಗೆ ಹೇಳಿದರೆ ನಕ್ಕಳು: "ಜೋಳ ಒಂದs, ಪಂಚಾಂಗ ಬ್ಯಾರೆ."

ಯುಗಾದಿಯ ಬೇವು ಹುಡುಕುವ ತಾಪತ್ರಯವೂ ಇಲ್ಲ, ಚೈತ್ರದಲ್ಲಿ ಇವರೂ ಬೇವಿನ ರಸ ಕುಡಿಯುತ್ತಾರೆ. ಅಷ್ಟರಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಬಂದಿರುತ್ತದೆ, ಪೋಂಕ್ ಗಾಡಿ ನಿಂತ ಜಾಗದಲ್ಲಿ ಕಬ್ಬಿನ ಹಾಲಿನ ಗಾಣ. ಈ ಕಡೆ ಬರುವುದಿದ್ದರೆ ಜನವರಿಯಲ್ಲೇ ಬನ್ನಿ. ಬರುವಾಗ ಶೇಂಗಾ ಹಿಂಡಿ ತನ್ನಿ, ಅದೊಂದು ಇಲ್ಲಿ ಸಿಗುವುದಿಲ್ಲ.