ಇಡೀ ಮೀನಿನ ಅಡುಗೆಯೂ ಆರೋಗ್ಯವೂ

ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ನಮ್ಮ ಬಂಧುಗಳ ಪೈಕಿ ರಜೆಯ ದಿನ ಮುಂಜಾನೆ ಸಸೂನ್ ಡಾಕಿಗೆ ಹೋಗಿ ಇಡೀ ಬಂಗುಡೆಗಳನ್ನು ಕೊಂಡು ತರುವವರು ಅನೇಕರು. 1875ರಲ್ಲಿ ತೆರೆದ ಈ ಹಡಗುಕಟ್ಟೆಯಿಂದ ದೂರದ ಉಪನಗರದ ಮನೆ ಸೇರಲು ಒಂದೂವರೆ ಗಂಟೆಯಾದರೂ ಬೇಕು. ಉಣ್ಣುವವರ ಆರೋಗ್ಯವು ಒಲೆ ಹಚ್ಚುವ ಮೊದಲೇ, ಈ ಹಾದಿಯಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಪಾಯದ ಮೂಲ

ಬಂಗುಡೆ, ಬೂತಾಯಿ, ಟ್ಯೂನಾ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವು ಹೇರಳವಾಗಿದೆ. ಸತ್ತ ಮೀನು ಬೆಚ್ಚಗೆ ಉಳಿದರೆ ಅದರ ಕಿವಿರು, ಕರುಳುಗಳಲ್ಲಿರುವ ಬ್ಯಾಕ್ಟೀರಿಯಗಳು ಇದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಕುದಿಸಿದರೆ ಬ್ಯಾಕ್ಟೀರಿಯ ಸಾಯಬಹುದು. ಉಂಟಾದ ಹಿಸ್ಟಮಿನ್ ನಾಶವಾಗದು. ಹುಳಿ, ಖಾರಗಳೂ ಅದನ್ನು ಕಳೆಯಲಾರವು. ಅಂತಹ ಮೀನನ್ನು ಉಂಡ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರುವುದು, ತಲೆನೋವು, ತುರಿಕೆ, ಎದೆಬಡಿತ ಕಾಣಿಸಿಕೊಳ್ಳಬಹುದು. ಮೀನೇ ಮೈಗೆ ಒಗ್ಗದೆಂದು ಭಾವಿಸುವವರುಂಟು. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ವೈದ್ಯರನ್ನು ಕಾಣಬೇಕು.

ಕೊಳ್ಳುವಾಗ, ತರುವಾಗ

ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಮರಳಿ ತುಂಬಬೇಕು, ಸಮುದ್ರದ ವಾಸನೆಯ ಹೊರತು ಘಾಟು ಇರಬಾರದು. ಆದರೆ ಹಿಸ್ಟಮಿನ್ ಕಣ್ಣಿಗೂ ಮೂಗಿಗೂ ಸಿಕ್ಕದಿರಬಹುದು. ಆದುದರಿಂದ ತಂಪೊಂದೇ ರಕ್ಷೆ. ನೀರಿನಿಂದ ಮೇಲೆ ಬಂದ ಗಳಿಗೆಯಿಂದ ಮೀನಿನ ತಾಜಾತನದ ಖಾತೆಯಲ್ಲಿ ಖರ್ಚಲ್ಲದೆ ಜಮೆಯಿಲ್ಲ. ಮಂಜುಗಡ್ಡೆಯು ಆ ಖರ್ಚನ್ನು ನಿಧಾನಿಸುತ್ತದೆ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಮುಚ್ಚಳವಿರುವ ಡಬ್ಬಿಯಲ್ಲಿ ತರುವುದು ಉತ್ತಮ.

ಶುಚಿ ಮತ್ತು ಪಾಕ

ಮನೆ ಸೇರಿದೊಡನೆ ಕಿವಿರು, ಕರುಳುಗಳನ್ನು ತೆಗೆದು, ಬೆನ್ನೆಲುಬಿನ ಒಳಬದಿಯ ರಕ್ತವನ್ನು ತಣ್ಣೀರಿನಲ್ಲಿ ತೊಳೆಯಬೇಕು. ಇಡಿಯಾಗಿ ಬೇಯಿಸುವಾಗ ಎರಡು ಪಕ್ಕಗಳಲ್ಲಿಯೂ ಮೂರು ಮೂರು ಗೀರು ಹಾಕಿದರೆ ಉಪ್ಪು ಖಾರಗಳು ಒಳಗೆ ಇಳಿಯುತ್ತವೆ, ಶಾಖವೂ ಸಮನಾಗಿ ಮುಟ್ಟುತ್ತದೆ.

ನಾಲ್ಕು ಬಂಗುಡೆಗಳ ಪುಳಿಮುಂಚಿಗೆ ಹುರಿದ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ, ಕಾಲು ಚಮಚ ಮೆಂತ್ಯ, ನಿಂಬೆಗಾತ್ರದ ಹುಣಸೆಹಣ್ಣು, ಕೆಲವು ಎಸಳು ಬೆಳ್ಳುಳ್ಳಿ ಹಾಗೂ ಸ್ವಲ್ಪ ಅರಸಿನವನ್ನು ನುಣ್ಣಗೆ ಅರೆಯಿರಿ. ಅಗಲವಾದ ಪಾತ್ರೆಯಲ್ಲಿ ನೀರು, ಉಪ್ಪು ಬೆರೆಸಿ ಮಸಾಲೆಯನ್ನು ಚೆನ್ನಾಗಿ ಕುದಿಸಿದ ಮೇಲೆ ಮೀನುಗಳನ್ನು ಇಳಿಸಿ, ಸಣ್ಣ ಉರಿಯಲ್ಲಿ ಸುಮಾರು ಹತ್ತು ನಿಮಿಷ ಬೇಯಿಸಿರಿ. ಸೌಟು ಹಾಕಿದರೆ ಮೀನು ಮುರಿಯುವುದು. ಪಾತ್ರೆಯನ್ನೇ ಹಿಡಿದು ಮೆಲ್ಲನೆ ತಿರುಗಿಸಿದರೆ ಸಾಕು. ಬೆನ್ನೆಲುಬಿನ ಬಳಿ ಮಾಂಸವು ಬೆಳ್ಳಗಾಗಿ ಮುಳ್ಳಿನಿಂದ ಬಿಟ್ಟರೆ ಬೆಂದಿತೆಂದು ತಿಳಿಯಬೇಕು.

ಮರುದಿನದ ಪುಳಿಮುಂಚಿಗೆ ರುಚಿ ಹೆಚ್ಚೆಂಬುದು ನಮ್ಮವರ ಅನುಭವ. ಆದರೆ ಮಹಾನಗರದ ಇಕ್ಕಟ್ಟಾದ ಅಡುಗೆಮನೆಯ ಸೆಕೆಯಲ್ಲಿ ಅದನ್ನು ರಾತ್ರಿಯಿಡೀ ಹೊರಗಿಡುವುದು ಸಲ್ಲದು. ಎರಡು ಗಂಟೆಗಳೊಳಗೆ ರೆಫ್ರಿಜರೇಟರಿನಲ್ಲಿಟ್ಟು, ಮರುದಿನ ಬೇಕಾದಷ್ಟನ್ನೇ ಕುದಿಸಿ ಬಡಿಸಿದರೆ ರುಚಿಗೂ ಕೊರತೆಯಿಲ್ಲ, ಆರೋಗ್ಯಕ್ಕೂ ಧಕ್ಕೆಯಿಲ್ಲ.